ನೆಲದ ಮೇಲೆ ದಾರಿ ತಪ್ಪುವ ವಿಮಾನ

ಚಾಮರಾಜಪುರಂ ನಿಲ್ದಾಣ ಬಿಟ್ಟ ರೈಲು ಅಶೋಕಪುರಂ ದಾಟಿ ನಂಜನಗೂಡಿನತ್ತ ಓಡುವಾಗ ಅದರ ಚಾಲಕರು ದಾರಿ ಹುಡುಕಬೇಕಾಗಿಲ್ಲ. ಹಳಿ ಹೋದತ್ತ ಗಾಡಿ. ಹಳಿ ಬದಲಿಸುವ ಕೆಲಸವೂ ಬೇರೆಯವರದು. ಅದೇ ದಿಕ್ಕಿನಲ್ಲಿ, ಮೈಸೂರು ನಗರದಿಂದ ಸುಮಾರು 10 ಕಿ.ಮೀ. ದೂರದ ಮಂಡಕಳ್ಳಿಯಲ್ಲಿ ಇಳಿಯುವ ವಿಮಾನಕ್ಕೆ ಈ ಅನುಕೂಲವಿಲ್ಲ. ಚಕ್ರ ನೆಲ ಮುಟ್ಟಿದ ಮೇಲೂ ಪೈಲಟ್ ದಾರಿ ಕಂಡುಕೊಂಡೇ ಸಾಗಬೇಕು. ಹಳದಿ ಗೆರೆ, ದೀಪ, ಫಲಕ, ಕಿವಿಗೆ ಬೀಳುವ ಕಂಟ್ರೋಲರ್ ಮಾತು, ಇವೇ ಅವರ ಹಳಿ. ಹಾರಾಟದ ಈ ಭಾಗಕ್ಕೆ ಟ್ಯಾಕ್ಸಿ ಮಾಡುವುದು ಎನ್ನುತ್ತಾರೆ. ಪ್ರಯಾಣಿಕರು ಫೋನ್ ಆನ್ ಮಾಡಿ ಬ್ಯಾಗಿಗೆ ಕೈ ಹಾಕುವ ಆ ಹೊತ್ತು ಪೈಲಟ್‌ಗಳ ಪಾಲಿಗೆ ಬಿಡುವಿನದಲ್ಲ.

ವಿಮಾನ ನೆಲದ ಮೇಲೆ ಓಡುವ ಬಗೆಯೇ ವಿಚಿತ್ರ. ಅದರ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವುದಿಲ್ಲ. ಜೆಟ್ ಎಂಜಿನ್ ಹಿಂದಕ್ಕೆ ಉಗುಳುವ ಗಾಳಿ, ಎಟಿಆರ್‌ನಂಥ ವಿಮಾನದಲ್ಲಾದರೆ ಪ್ರೊಪೆಲ್ಲರ್ ತಳ್ಳುವ ಗಾಳಿ, ಅದನ್ನು ಮುಂದಕ್ಕೆ ಒತ್ತುತ್ತದೆ. ಚಕ್ರಗಳು ಸುಮ್ಮನೆ ಉರುಳುತ್ತವೆ. ದಿಕ್ಕು ಬದಲಿಸಲು ಮೂಗಿನ ಕೆಳಗಿನ ಪುಟ್ಟ ಚಕ್ರಗಳನ್ನು ಹೊರಳಿಸಬೇಕು. ಅದಕ್ಕಾಗಿ ಪೈಲಟ್ ಪಕ್ಕದಲ್ಲಿ ಟಿಲ್ಲರ್ ಎಂಬ ಸಣ್ಣ ಹಿಡಿ ಇರುತ್ತದೆ. ಆದರೆ ವಿಮಾನದ ಬಹುಪಾಲು ಭಾರ ಹಿಂದಿನ ದೊಡ್ಡ ಚಕ್ರಗಳ ಮೇಲೆ. ಮೂಗಿನ ಚಕ್ರಕ್ಕೆ ಬೀಳುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಭಾರ ಕಡಿಮೆಯಾದಷ್ಟು ನೆಲದ ಮೇಲಿನ ಹಿಡಿತವೂ ಕಡಿಮೆ. ವೇಗ ಎರಡು ಪಟ್ಟಾದರೆ ಅದೇ ತಿರುವಿಗೆ ನಾಲ್ಕು ಪಟ್ಟು ಹಿಡಿತ ಬೇಕು. ಹಾಗಾಗಿಯೇ ನೇರ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ಆಸುಪಾಸಿನಲ್ಲಿ ಸಾಗುವ ವಿಮಾನ ತೀಕ್ಷ್ಣ ತಿರುವಿನಲ್ಲಿ 20ಕ್ಕಿಂತ ಕೆಳಗೆ ಇಳಿಯಬೇಕು. ಮಳೆಯಲ್ಲಿ ಇನ್ನೂ ನಿಧಾನ. ಇಲ್ಲದಿದ್ದರೆ ಟಿಲ್ಲರ್ ಎಷ್ಟೇ ತಿರುಗಿಸಿದರೂ ಮೂಗಿನ ಚಕ್ರ ಅಡ್ಡಡ್ಡವಾಗಿ ಜಾರುತ್ತದೆ, ವಿಮಾನ ನೇರವಾಗಿಯೇ ಹೋಗುತ್ತದೆ.

2019ರ ಜೂನ್ 30ರ ಸಂಜೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಇಳಿದು, ರನ್‌ವೇಯಿಂದ ಟ್ಯಾಕ್ಸಿವೇಗೆ, ಅಂದರೆ ನಿಲುಗಡೆಯತ್ತ ಹೋಗುವ ದಾರಿಗೆ, ಹೊರಳುವಾಗ ಡಾಂಬರು ಬಿಟ್ಟು ಮೆತ್ತನೆಯ ಮಣ್ಣಿಗೆ ಇಳಿಯಿತು. ಅದರಲ್ಲಿದ್ದ 183 ಪ್ರಯಾಣಿಕರಿಗೂ ಸಿಬ್ಬಂದಿಗೂ ಏನೂ ಆಗಲಿಲ್ಲ. ಗುಡ್ಡದ ತಲೆ ಸವರಿ ಕಟ್ಟಿದ ಆ ನಿಲ್ದಾಣದಲ್ಲಿ 2010ರ ವಿಮಾನ ದುರಂತ ಕಂಡ ಕರಾವಳಿಯವರಿಗೆ ಆ ಸುದ್ದಿ ಕೇಳಿ ಎದೆ ಝಲ್ ಎಂದಿದ್ದರೆ ಆಶ್ಚರ್ಯವಿಲ್ಲ. 2021ರ ಫೆಬ್ರುವರಿಯಲ್ಲಿ ವಿಜಯವಾಡದಲ್ಲಿ ದೋಹಾದಿಂದ ಬಂದ ವಿಮಾನವೊಂದರ ರೆಕ್ಕೆ, ಟ್ಯಾಕ್ಸಿ ಮಾಡುವಾಗ ದೀಪದ ಕಂಬಕ್ಕೆ ಬಡಿಯಿತು. ಬೋಯಿಂಗ್ 737ರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 36 ಮೀಟರ್. ದೊಡ್ಡ ವಿಮಾನಗಳಲ್ಲಿ ಕಾಕ್‌ಪಿಟ್‌ನಿಂದ ಈ ತುದಿ ಕಾಣುವುದೇ ಕಷ್ಟ. ಹಳದಿ ಗೆರೆಯ ಮೇಲೆ ಮೂಗಿನ ಚಕ್ರ ಇದ್ದರೆ ರೆಕ್ಕೆಗೆ ಜಾಗವಿದೆ ಎಂಬ ನಂಬಿಕೆಯಲ್ಲೇ ಸಾಗಬೇಕು.

ಗೆರೆಯಿಂದ ಹೊರಬಿದ್ದರೆ ಕೆಸರು ಅಥವಾ ಕಂಬ. ಬೇರೆ ಗೆರೆ ಹಿಡಿದರೆ ಮಾತ್ರ ಸಂಗತಿ ಭಯಂಕರ. ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ 2001ರ ಅಕ್ಟೋಬರ್ 8ರಂದು ದಟ್ಟ ಮಂಜು. ಒಂದು ಸಣ್ಣ ಸೆಸ್ನಾ ಜೆಟ್‌ಗೆ ಆರ್5 ಎಂಬ ಟ್ಯಾಕ್ಸಿವೇ ಹಿಡಿಯಲು ಹೇಳಲಾಗಿತ್ತು. ಅದರ ಪೈಲಟ್‌ಗಳು ಆರ್6 ಹಿಡಿದರು. ನೆಲದ ಗುರುತುಗಳು ಮಾಸಿದ್ದವು. ಹಳೆಯ ನೆಲ ರೇಡಾರ್ ತೆಗೆದುಹಾಕಿದ್ದರು, ಹೊಸದು ಇನ್ನೂ ಕೆಲಸ ಶುರು ಮಾಡಿರಲಿಲ್ಲ. ದಾರಿಯಲ್ಲಿ ಕಂಡ ಎಸ್4 ಎಂಬ ಗುರುತನ್ನು ಪೈಲಟ್ ಪ್ರಾಮಾಣಿಕವಾಗಿ ರೇಡಿಯೊದಲ್ಲಿ ಹೇಳಿದರು. ಅದೊಂದು ಮಾತು ಸಾಕಿತ್ತು, ಅವರು ತಪ್ಪು ದಾರಿಯಲ್ಲಿದ್ದಾರೆ ಎಂದು ತಿಳಿಯಲು. ಆದರೆ ಕಂಟ್ರೋಲರ್ ಕೈಯಲ್ಲಿದ್ದ ನಕ್ಷೆಯಲ್ಲಿ ಎಸ್4 ಇರಲೇ ಇಲ್ಲ. ಮುಂದುವರಿಯಲು ಅನುಮತಿ ಸಿಕ್ಕಿತು. ಸೆಸ್ನಾ ರನ್‌ವೇ ಮೇಲೆ ಬಂದಾಗ ಎಸ್‌ಎಎಸ್ ಸಂಸ್ಥೆಯ ಜೆಟ್ ಮೇಲೇರುವ ವೇಗದಲ್ಲಿತ್ತು. ಸತ್ತವರು 118 ಮಂದಿ.

ಈ ಪ್ರಕರಣವನ್ನು ಪೈಲಟ್ ತಪ್ಪು ಎಂದು ಒಂದೇ ಪದದಲ್ಲಿ ಮುಗಿಸುವುದು ಅನ್ಯಾಯವೆಂದು ನನಗನಿಸುತ್ತದೆ. ತಿರುವು ತಪ್ಪಿದ್ದು ಪೈಲಟ್‌ಗಳೇ, ನಿಜ. ಆದರೆ ಮನುಷ್ಯ ತಿರುವು ತಪ್ಪಬಲ್ಲ ಎಂಬುದು ಮೊದಲೇ ಗೊತ್ತಿರುವ ವಿಷಯ. ಅದಕ್ಕೆಂದೇ ರನ್‌ವೇ ಬಾಯಲ್ಲಿ ನಾಲ್ಕು ಹಳದಿ ಗೆರೆಗಳಿರುತ್ತವೆ: ಎರಡು ಅಖಂಡ, ಎರಡು ತುಂಡು ತುಂಡು. ಅಖಂಡ ಗೆರೆಯ ಕಡೆಯಿಂದ ಬಂದವರು ಅನುಮತಿ ಇಲ್ಲದೆ ದಾಟುವಂತಿಲ್ಲ. ಕಪ್ಪು ಫಲಕದ ಹಳದಿ ಅಕ್ಷರ ಈಗ ಇರುವ ಜಾಗ ಹೇಳುತ್ತದೆ, ಹಳದಿ ಫಲಕದ ಕಪ್ಪು ಅಕ್ಷರ ಮುಂದಿನ ದಾರಿ ತೋರಿಸುತ್ತದೆ, ಕೆಂಪು ಫಲಕದ ಬಿಳಿ ಅಕ್ಷರ ಎದುರಿಗೆ ರನ್‌ವೇ ಇದೆ ಎನ್ನುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ನೆಲದಲ್ಲೇ ಹುದುಗಿಸಿದ ಕೆಂಪು ದೀಪಗಳ ಸಾಲು ಬೇರೆ. ಅದು ಉರಿಯುತ್ತಿದ್ದರೆ, ಮಾತಿನ ಅನುಮತಿ ಸಿಕ್ಕಿದ್ದರೂ ದಾಟಬಾರದು.

ಮೈಸೂರಿನ ಮಟ್ಟಿಗೆ ಬೇರೊಂದು ಸಂಗತಿ ಮುಖ್ಯ. ಮಂಡಕಳ್ಳಿಯ 1,740 ಮೀಟರ್ ರನ್‌ವೇಗೆ ಸಮಾನಾಂತರ ಟ್ಯಾಕ್ಸಿವೇ ಇಲ್ಲ. ಇಳಿದ ವಿಮಾನ ರನ್‌ವೇ ಮೇಲೆಯೇ ಹಿಂದಿರುಗಿ ನಿಲುಗಡೆ ಸೇರಬೇಕು, ಹೊರಡುವ ವಿಮಾನವೂ ಅದೇ ರನ್‌ವೇ ಮೇಲೆ ತುದಿಯವರೆಗೆ ಸಾಗಿ ಅಲ್ಲಿ ತಿರುಗಿಕೊಳ್ಳಬೇಕು. ಪೈಲಟ್‌ಗಳ ಮಾತಿನಲ್ಲಿ ಇದು ಬ್ಯಾಕ್‌ಟ್ರ್ಯಾಕ್. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ನಡೆದದ್ದೂ ಇದೇ. ಟ್ಯಾಕ್ಸಿವೇ ತುಂಬ ವಿಮಾನಗಳು ನಿಂತಿದ್ದವು, ಎರಡು 747ಗಳು ಮಂಜಿನಲ್ಲಿ ರನ್‌ವೇ ಮೇಲೆಯೇ ಸಾಗಬೇಕಾಯಿತು. ಪ್ಯಾನ್ ಆಮ್ ವಿಮಾನ ಹೇಳಿದ ತಿರುವನ್ನು ದಾಟಿ ಮುಂದೆ ಹೋಗಿತ್ತು, ಕೆಎಲ್‌ಎಂ ವಿಮಾನ ಅನುಮತಿ ಇಲ್ಲದೆ ಓಟ ಶುರು ಮಾಡಿತು. 583 ಜನ ಹೋದರು. ಆಮೇಲೆ ಟೇಕಾಫ್ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸುವ ನಿಯಮ ಬಂತು.

ಮಂಡಕಳ್ಳಿಯಲ್ಲಿ ಹೋಗಿಬರುವ ವಿಮಾನಗಳು ಕಡಿಮೆ, ಹಾಗಾಗಿ ಇಂದು ಭಯಪಡಬೇಕಾದ ಪರಿಸ್ಥಿತಿಯಿಲ್ಲ. ಆದರೆ ದೊಡ್ಡ ಜೆಟ್‌ಗಳು ಬರಲೆಂದು ರನ್‌ವೇ ಉದ್ದ ಮಾಡುವ ಯೋಜನೆ, ನಂಜನಗೂಡು ರಸ್ತೆಯನ್ನು ಅದರ ಕೆಳಗೆ ಹಾಯಿಸುವ ಮಾತು ವರ್ಷಗಳಿಂದ ನಡೆದಿದೆ. ರನ್‌ವೇ ಉದ್ದವಾದರೆ ಬ್ಯಾಕ್‌ಟ್ರ್ಯಾಕ್ ಕೂಡ ಉದ್ದವಾಗುತ್ತದೆ. ಪ್ರತಿ ವಿಮಾನವೂ ರನ್‌ವೇಯನ್ನು ಇನ್ನಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಜಮೀನಿನ ಲೆಕ್ಕ ಹಾಕುವಾಗಲೇ ಪಕ್ಕದ ಟ್ಯಾಕ್ಸಿವೇಗೂ ಜಾಗ ಬರೆದಿಡಬೇಕು.