ಬಾಗಿಲು ತೆರೆಯದ ಕಾರು: ಮದ್ದು ವಾಚಿನಂಗಡಿಯಲ್ಲಿದೆ!

ಶಿವಮೊಗ್ಗ: ಮಳೆ ಹಿಡಿಯಿತೆಂದರೆ ನೆಹರೂ ರಸ್ತೆ, ಗಾಂಧಿ ಬಜಾರಿನ ಅಂಚಿನಲ್ಲಿ ಈ ನೋಟ ಮಾಮೂಲು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಾರಿನ ರಿಮೋಟ್ ಕೀ. ಯಜಮಾನರು ಗುಂಡಿ ಒತ್ತುತ್ತಾರೆ, ಕಾರು ಕೇಳುವುದಿಲ್ಲ. ಕೈ ಎತ್ತಿ ಒತ್ತುತ್ತಾರೆ, ಬಗ್ಗಿ ಒತ್ತುತ್ತಾರೆ, ಕೊನೆಗೆ ರಿಮೋಟನ್ನೇ ಅಂಗೈಗೆ ಬಡಿಯುತ್ತಾರೆ. ಬಸ್ಸಿಗೆ ಕಾಯುವ ಜನಕ್ಕೆ ಪುಕ್ಕಟೆ ತಮಾಷೆ. ಲಕ್ಷಗಟ್ಟಲೆ ಬೆಲೆಯ ಕಾರು ಹೆಬ್ಬೆರಳಿನಷ್ಟು ರಿಮೋಟಿನ ಎದುರು ಮುಷ್ಕರ ಹೂಡಿ ನಿಂತಿದೆ!

ತಮಾಷೆ ಅಲ್ಲಿಗೇ ಮುಗಿದರೆ ಅಡ್ಡಿಯಿಲ್ಲ. ಮುಗಿಯುವುದಿಲ್ಲ. ಯಾರೋ ಒಬ್ಬರು ಬಂದು ‘ಕಂಪ್ಯೂಟರೇ ಹೋಗಿದೆ, ಸೆಟ್ಟೇ ಬದಲಾಯಿಸಬೇಕು’ ಅಂತಾರೆ. ಯಜಮಾನರು ಹೆದರಿ ಹೂಂ ಅಂತಾರೆ. ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಆದರೆ ಎಷ್ಟೋ ಸಲ ಆ ಕಾರಿಗೆ ಬೇಕಾಗಿದ್ದು ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಒಂದು ಬಟನ್ ಸೆಲ್ ಮಾತ್ರ. ರೋಗ ಗೊತ್ತಾಗುವ ಮೊದಲೇ ಮದ್ದಿಗೆ ದುಡ್ಡು ಕೊಡುವುದು ಜಾಣರ ಲಕ್ಷಣವಲ್ಲ. ಕ್ರಮವಾಗಿ ನೋಡಿದರೆ ಈ ರೋಗವನ್ನು ಕಾರಿನ ಯಜಮಾನರೇ ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು.

ಬೀಗ ಹಳೆಯದು, ರಿಮೋಟು ಆಮೇಲಿನದು

ಕರೆಂಟಿನಿಂದ ಹಾಕಿ ತೆಗೆಯುವ ಬಾಗಿಲ ಬೀಗವನ್ನು ಅಮೆರಿಕದ ಪ್ಯಾಕರ್ಡ್ ಕಾರುಗಳು 1956ರಲ್ಲೇ ತಂದಿದ್ದವು. ದೂರದಿಂದ ಗುಂಡಿ ಒತ್ತಿ ತೆಗೆಯುವ ಸೌಕರ್ಯ ಬಂದದ್ದು 1982ರಲ್ಲಿ, ಫ್ರಾನ್ಸಿನ ರೆನೋ ಫ್ಯೂಗೊ ಕಾರಿನಲ್ಲಿ. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿಗೆ ಇದ್ಯಾವ ಬಡಿವಾರವೂ ಇರಲಿಲ್ಲ. ಕೀಲಿ ತೂರಿಸು, ತಿರುಗಿಸು, ಮುಗಿಯಿತು. ಈಗ ಸಾಧಾರಣ ಕಾರಿಗೂ ರಿಮೋಟು ಬಂದಿದೆ. ಸೌಕರ್ಯದ ಹಿಂದೆಯೇ ರಗಳೆಯೂ ಬಂತು.

ರಿಮೋಟಿನ ಕೆಲಸ ಇಷ್ಟೆ. ಗುಂಡಿ ಒತ್ತಿದಾಗ ಅದು ರೇಡಿಯೋ ಅಲೆಯಲ್ಲಿ ಒಂದು ಗುಟ್ಟಿನ ಸಂಖ್ಯೆ ಕಳಿಸುತ್ತದೆ. ಕಾರಿನೊಳಗಿನ ಪೆಟ್ಟಿಗೆ ಅದನ್ನು ಗುರುತು ಹಿಡಿದು ಬಾಗಿಲುಗಳ ಪುಟ್ಟ ಮೋಟರುಗಳಿಗೆ ಕರೆಂಟು ಬಿಡುತ್ತದೆ. ಹಾಗಾಗಿ ಕಾಯಿಲೆ ಮೂರು ಕಡೆ ಇರಬಹುದು: ಕೈಯಲ್ಲಿನ ರಿಮೋಟು, ಕಾರಿನ ಬ್ಯಾಟರಿ ಮತ್ತು ಫ್ಯೂಸು, ಇಲ್ಲವೇ ಬಾಗಿಲು. ಮೊದಲು ಯಾವ ಕಡೆ ಅಂತ ಗೊತ್ತುಮಾಡಿಕೊಳ್ಳಬೇಕು.

ಮೊದಲ ಪರೀಕ್ಷೆ: ಎರಡನೇ ಕೀ

ಕಾರಿನ ಜೊತೆ ಬಂದ ಎರಡನೇ ರಿಮೋಟು ಮನೆಯ ಬೀರುವಿನಲ್ಲಿ ಮಲಗಿರುತ್ತದೆ. ಅದನ್ನು ತಂದು ಒತ್ತಿ ನೋಡಿ. ಅದು ಕೆಲಸ ಮಾಡಿದರೆ ಕಾರು ಸರಿಯಿದೆ, ದೋಷ ಮೊದಲ ರಿಮೋಟಿನದು. ಎರಡೂ ಕೆಲಸ ಮಾಡದಿದ್ದರೆ ಕಾರಿನ ಕಡೆ ತಿರುಗಬೇಕು. ಈ ಒಂದು ಪರೀಕ್ಷೆಗೆ ಪೈಸೆ ಖರ್ಚಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ದೋಷ ರಿಮೋಟಿನದಾದರೆ ಮೊದಲ ಗುಮಾನಿ ಸೆಲ್ಲಿನ ಮೇಲೆ. ಮುಂಚೆ ಇಪ್ಪತ್ತು ಹೆಜ್ಜೆ ದೂರದಿಂದ ಕೇಳುತ್ತಿದ್ದ ಕಾರು ಈಗ ಎರಡು ಹೆಜ್ಜೆ ಹತ್ತಿರ ಬಂದರಷ್ಟೇ ಕೇಳುತ್ತದೆಯೇ? ಸೆಲ್ಲು ಸಾಯುತ್ತಿದೆ ಅಂತ ಅರ್ಥ. ರಿಮೋಟಿನ ಪುಟ್ಟ ದೀಪ ಮಿನುಗಿದ ಮಾತ್ರಕ್ಕೆ ಸೆಲ್ಲು ಗಟ್ಟಿಯಿದೆ ಎಂದು ನಂಬಬೇಡಿ. ದೀಪಕ್ಕೆ ಸಾಲುವಷ್ಟು ಶಕ್ತಿ ಅಲೆ ಕಳಿಸಲು ಸಾಲದಿರಬಹುದು. ಟೀವಿ ರಿಮೋಟಿನ ಹಾಗೆ ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ನೋಡುವುದೂ ವ್ಯರ್ಥ. ಟೀವಿಯದು ಬೆಳಕಿನ ಕಿರಣ, ಕಾರಿನದು ರೇಡಿಯೋ. ಕ್ಯಾಮೆರಾಗೆ ಅದು ಕಾಣುವುದಿಲ್ಲ.

ಸೆಲ್ಲು ಕೊಳ್ಳುವಾಗ ನಂಬರು ನೋಡಿ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಅಷ್ಟೇ ಅಗಲ, ಆದರೆ ದಪ್ಪ 2.5 ಮಾತ್ರ. ಕೆಲವು ಕಾರುಗಳದ್ದು ಇನ್ನೂ ಚಿಕ್ಕದಾದ ಸಿಆರ್ 1620. ಎಲ್ಲವೂ 3 ವೋಲ್ಟೇ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ‘ಯಾವುದಾದರೂ ಒಂದು ಕೊಡಿ’ ಎನ್ನುವ ಗಿರಾಕಿ ಮಾರನೇ ದಿನ ಮತ್ತೆ ಅಂಗಡಿ ಮುಂದೆ ನಿಂತಿರುತ್ತಾನೆ. ಹಳೆಯ ಸೆಲ್ಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಹಾಕುವಾಗ ಕೂಡಿಸುವ ಗುರುತು ಯಾವ ಕಡೆಗಿತ್ತು ಅಂತ ನೆನಪಿರಲಿ. ಸೆಲ್ಲು ಕೂರುವ ತಗಡಿನ ನಾಲಿಗೆ ಚಪ್ಪಟೆಯಾಗಿದ್ದರೆ ಹಗುರವಾಗಿ ಮೇಲೆತ್ತಬೇಕು.

ಮಲೆನಾಡಿನ ಮಳೆಗೆ ಇನ್ನೊಂದು ಕಾಯಿಲೆ ಇದೆ. ಗುಂಡಿಯ ಮೇಲಿನ ರಬ್ಬರು ಸವೆದಿದ್ದರೆ ಒದ್ದೆ ಜೇಬಿನಿಂದಲೇ ರಿಮೋಟಿಗೆ ನೀರು ಇಳಿಯುತ್ತದೆ. ಹಾಗಾದಾಗ ಒತ್ತುತ್ತಾ ಕೂರಬಾರದು. ಬಿಚ್ಚಿ, ಸೆಲ್ಲು ತೆಗೆದು, ಒರೆಸಿ, ನೆರಳಿನಲ್ಲಿ ಒಂದು ದಿನ ಒಣಗಿಸಬೇಕು. ಒಲೆಯ ಪಕ್ಕ ಇಟ್ಟು ಬೇಯಿಸುವ ಬುದ್ಧಿ ಬೇಡ.

ಸೆಲ್ಲು ಹೊಸದು, ಆದರೂ ಕಾರು ಕೇಳದು ಅಂದರೆ? ಮಗುವಿನ ಕೈಗೆ ಆಟಕ್ಕೆ ಕೊಟ್ಟಿದ್ದಿರಾ ಅಂತ ನೆನಪು ಮಾಡಿಕೊಳ್ಳಿ. ಕಳ್ಳರು ಕದ್ದು ಕೇಳಬಾರದೆಂದು ರಿಮೋಟು ಪ್ರತಿ ಸಲವೂ ಹೊಸ ಸಂಖ್ಯೆ ಕಳಿಸುತ್ತದೆ, ಕಾರು ಲೆಕ್ಕ ಇಟ್ಟುಕೊಂಡಿರುತ್ತದೆ. ಕಾರಿನಿಂದ ದೂರದಲ್ಲಿ ಲೆಕ್ಕವಿಲ್ಲದಷ್ಟು ಸಲ ಒತ್ತಿದರೆ ಎರಡರ ಲೆಕ್ಕ ತಪ್ಪುತ್ತದೆ. ಕಾರಿನ ಪಕ್ಕದಲ್ಲಿ ನಿಂತು ಒಂದರ ಹಿಂದೆ ಒಂದು ಎರಡು ಸಲ ಒತ್ತಿದರೆ ಎಷ್ಟೋ ಕಾರುಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಇಲ್ಲದಿದ್ದರೆ ಕಾರಿನ ಪುಸ್ತಕದಲ್ಲಿ ಬರೆದ ಕ್ರಮದಂತೆ ಹೊಂದಿಸಬೇಕು.

ರಿಮೋಟಿನ ಹೊಟ್ಟೆಯಲ್ಲಿ ಕೀಲಿ

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು ಇಟ್ಟವರಲ್ಲಿ ಹಲವರಿಗೆ ಈ ಸಂಗತಿಯೇ ಗೊತ್ತಿಲ್ಲ. ಅಂಥ ರಿಮೋಟಿನ ಹೊಟ್ಟೆಯಲ್ಲಿ ಒಂದು ಸಣ್ಣ ಉಕ್ಕಿನ ಕೀಲಿ ಅಡಗಿರುತ್ತದೆ. ಪಕ್ಕದ ಚಿಲಕ ಸರಿಸಿದರೆ ಹೊರಗೆ ಬರುತ್ತದೆ. ಚಾಲಕನ ಬಾಗಿಲಿಗೆ ಅದರ ರಂಧ್ರವೂ ಇರುತ್ತದೆ, ಕೆಲವು ಕಾರಿನಲ್ಲಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ. ಸೆಲ್ಲು ಸತ್ತರೂ, ಕಾರಿನ ಬ್ಯಾಟರಿಯೇ ಸತ್ತರೂ ಒಳಗೆ ಹೋಗುವ ದಾರಿ ಅದು.

ಒಳಗೆ ಹೋದ ಮೇಲೆ ಎಂಜಿನ್? ಸೆಲ್ಲು ಸತ್ತ ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿದರೆ ಹಲವು ಕಾರುಗಳು ಸ್ಟಾರ್ಟಾಗುತ್ತವೆ. ಕೆಲವಕ್ಕೆ ಆ ಜಾಗ ಬೇರೆ ಇರುತ್ತದೆ, ಪುಸ್ತಕದಲ್ಲಿ ಬರೆದಿರುತ್ತದೆ. ಕೀಲಿ ತಿರುಗಿಸುವ ಕಾರಿನಲ್ಲೂ ಅಷ್ಟೆ, ಕಳ್ಳತನ ತಡೆಯುವ ಚಿಪ್ಪಿಗೆ ಸೆಲ್ಲೇ ಬೇಡ. ಅದು ಕಾರಿನಿಂದಲೇ ಶಕ್ತಿ ಪಡೆಯುತ್ತದೆ. ‘ರಿಮೋಟು ಸತ್ತಿದೆ, ಗಾಡಿ ಎಳೆದುಕೊಂಡೇ ಹೋಗಬೇಕು’ ಎಂದವರ ಮಾತನ್ನು ಒಂದು ಸಲ ಪರೀಕ್ಷಿಸಿ ನಂಬಿದರೆ ಸಾಕು.

ಎಲ್ಲ ಬಾಗಿಲೋ, ಒಂದೇ ಬಾಗಿಲೋ?

ದೋಷ ಕಾರಿನದ್ದು ಅಂತ ಖಚಿತವಾದರೆ ಮುಂದಿನ ಪ್ರಶ್ನೆ ಇದು. ನಾಲ್ಕೂ ಬಾಗಿಲು ಒಟ್ಟಿಗೆ ಕೈಕೊಟ್ಟಿದ್ದರೆ ಬಾಗಿಲುಗಳನ್ನು ಬೈಯಬೇಡಿ. ಹಾರ್ನ್ ಒತ್ತಿ, ಒಳಗಿನ ದೀಪ ನೋಡಿ. ಅವೂ ಮಂಕಾಗಿದ್ದರೆ ಕಾರಿನ 12 ವೋಲ್ಟಿನ ಬ್ಯಾಟರಿ ಬಿದ್ದಿದೆ. ಅವು ಸರಿಯಿದ್ದರೆ ಫ್ಯೂಸು ನೋಡಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು. ದಪ್ಪದ್ದು ಹಾಕುವುದು, ತಂತಿ ಸುತ್ತುವುದು ಕಾರಿಗೆ ಬೆಂಕಿ ಇಟ್ಟಂತೆ. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ವೈರು ತಾಗುತ್ತಿದೆ. ಆಗ ಎಲೆಕ್ಟ್ರಿಷಿಯನ್ ಬೇಕೇ ಬೇಕು.

ಒಂದೇ ಬಾಗಿಲು ತಕರಾರು ಮಾಡಿದರೆ ಕಿವಿ ಕೊಡಿ. ಗುಂಡಿ ಒತ್ತಿದಾಗ ‘ಕರ್ರ್’ ಅಂತ ಸದ್ದು ಬಂದು ಚಿಲಕ ಮೇಲೇಳದಿದ್ದರೆ ಮೋಟರು ತಿರುಗುತ್ತಿದೆ, ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ ಇಲ್ಲವೇ ಕಡ್ಡಿ ಕಳಚಿದೆ. ಸದ್ದೇ ಇಲ್ಲದಿದ್ದರೆ ಬಾಗಿಲಿನ ಕೀಲಿನ ಬಳಿ ಇರುವ ರಬ್ಬರು ಕೊಳವೆಯ ಒಳಗಿನ ವೈರನ್ನು ಗುಮಾನಿಸಬೇಕು. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚಿ ಆ ವೈರು ಮಡಿಚಿ ಮುರಿಯುತ್ತದೆ. ಬಾಗಿಲನ್ನು ನಿಧಾನ ಆಡಿಸುತ್ತಾ ಸ್ವಿಚ್ಚು ಒತ್ತಿದಾಗ ಒಂದು ಕೋನದಲ್ಲಿ ಕೆಲಸ ಮಾಡಿ ಇನ್ನೊಂದು ಕೋನದಲ್ಲಿ ನಿಂತರೆ ಗುಮಾನಿ ನಿಜ. ವೈರು ಕೂಡಿಸುವ ಕೆಲಸಕ್ಕೆ ಹೊಸ ಮೋಟರಿನ ದುಡ್ಡು ತೆರಬೇಕಿಲ್ಲ. ಗ್ಯಾರೇಜಿಗೆ ಹೋಗುವ ಮೊದಲೇ ‘ಸದ್ದು ಬರುತ್ತದೆ, ಬಾಗಿಲು ತೆರೆಯದು’ ಅಥವಾ ‘ಸದ್ದೇ ಇಲ್ಲ’ ಅಂತ ಹೇಳಬಲ್ಲ ಗಿರಾಕಿಗೆ ಟೋಪಿ ಹಾಕುವುದು ಕಷ್ಟ.

ಬೀಗ ಬಿದ್ದು ತಕ್ಷಣ ತಾನೇ ತೆರೆದುಕೊಂಡರೆ ಯಾವುದೋ ಬಾಗಿಲೋ ಡಿಕ್ಕಿಯೋ ಪೂರ್ತಿ ಮುಚ್ಚಿಲ್ಲ. ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಬೀಗ ಕೆಟ್ಟಿಲ್ಲ. ಬಾಗಿಲ ಅಂಚಿನಲ್ಲಿರುವ ಚೈಲ್ಡ್ ಲಾಕ್ ಯಾರೋ ಹಾಕಿದ್ದಾರೆ. ಕಾರು ತೊಳೆಯುವಾಗ ಕೈತಾಗಿಯೂ ಬೀಳುತ್ತದೆ. ಇದಕ್ಕೂ ದುಡ್ಡು ಕೊಟ್ಟು ಬಂದವರುಂಟು.

ದುಡ್ಡಿಗಿಂತ ದೊಡ್ಡ ಮಾತು

ಕಾರಿಲ್ಲದವರೂ ಇಲ್ಲಿಂದ ಮುಂದಿನದನ್ನು ಓದಬೇಕು. ರಿಮೋಟಿನಿಂದ ಬೀಗ ತೆಗೆದು ಬಾಗಿಲು ತೆರೆಯದೇ ಬಿಟ್ಟರೆ ಅರ್ಧ ನಿಮಿಷದಲ್ಲಿ ಮತ್ತೆ ಬೀಗ ಹಾಕಿಕೊಳ್ಳುವ ಕಾರುಗಳಿವೆ. ಮಗುವನ್ನು ಒಳಗೆ ಕೂರಿಸಿ, ಕೀ ಸೀಟಿನ ಮೇಲಿಟ್ಟು, ಸಾಮಾನು ತರಲು ಅಂಗಡಿ ಮೆಟ್ಟಿಲು ಹತ್ತುವ ಅಪ್ಪ ಅಮ್ಮಂದಿರನ್ನು ನಗರದಲ್ಲಿ ದಿನವೂ ಕಾಣಬಹುದು. ಮಗು ಗುಂಡಿ ಒತ್ತಿದರೆ ಒಳಗೇ ಸೆರೆ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸೆಖೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ. ಎರಡನೇ ಕೀ ಬರುವುದು ತಡವಾದರೆ ಕಾರಿನ ಮೇಲಿನ ಮಮತೆ ಬಿಡಬೇಕು. 112ಕ್ಕೆ ಕರೆ ಮಾಡಿ, ಮಗು ಕೂತ ಜಾಗದಿಂದ ದೂರದ ಪಕ್ಕದ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕು. ಗಾಜು ಇನ್ನೊಂದು ಸಿಗುತ್ತದೆ.

ಒಳಗೆ ಸಿಕ್ಕಿಕೊಂಡ ದೊಡ್ಡವರಿಗೂ ಒಂದು ಮಾತು. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಲ್ಲಿ, ಕರೆಂಟು ಹೋದರೂ ಸೆಂಟ್ರಲ್ ಲಾಕನ್ನು ಕೈಯಿಂದಲೇ ತೆಗೆಯುವ ವ್ಯವಸ್ಥೆ ಇರಲೇಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. ತಮ್ಮ ಕಾರಿನಲ್ಲಿ ಅದು ಎಲ್ಲಿದೆ, ಹೇಗೆ ಎಳೆಯಬೇಕು ಎಂಬುದನ್ನು ಮನೆಯ ಎಲ್ಲರೂ ಒಂದು ಸಲ ಮಾಡಿ ನೋಡಬೇಕು. ಕಾರು ನೀರಿಗೆ ಬಿದ್ದ ಮೇಲೆ ಪುಸ್ತಕ ಓದಲು ಆಗುವುದಿಲ್ಲ.

ಇನ್ನು, ತೆಗೆದ ಹಳೇ ಸೆಲ್ಲು. ಟೀಪಾಯಿಯ ಮೇಲೆ ಬಿಟ್ಟರೆ ಪೆಪ್ಪರಮಿಂಟಿನ ಹಾಗೆ ಹೊಳೆಯುತ್ತದೆ, ಮಗು ಬಾಯಿಗೆ ಹಾಕುತ್ತದೆ. ರಿಮೋಟಿಗೆ ಸತ್ತ ಸೆಲ್ಲು ಮಗುವಿನ ಗಂಟಲಿಗೆ ಸತ್ತಿರುವುದಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟು ಗಾಯ ಮಾಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಬೇಕು. ಸೆಲ್ಲು ಮಾರುವ ಅಂಗಡಿಯವರೇ ಹಳೆಯದನ್ನು ಟೇಪು ಸುತ್ತಿ ವಾಪಸು ಇಟ್ಟುಕೊಂಡರೆ ಪುಣ್ಯದ ಕೆಲಸ.

ಹಳೇ ಕಾರು ಕೊಳ್ಳುವವರಿಗೆ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹಳೇ ಕಾರಿನ ವ್ಯಾಪಾರಕ್ಕೆ ಹೋಗುವವರು ಟೈರು ಒದ್ದು ನೋಡುತ್ತಾರೆ, ಬಾನೆಟ್ ಎತ್ತಿಸುತ್ತಾರೆ, ಎರಡನೇ ಕೀ ಕೇಳುವುದನ್ನು ಮಾತ್ರ ಮರೆಯುತ್ತಾರೆ. ‘ಒಂದು ಕಳೆದುಹೋಗಿದೆ ಸಾರ್’ ಅಂದರೆ ಆ ಒಂದು ಯಾರ ಜೇಬಿನಲ್ಲಿದೆ? ಎರಡು ಕೀ ಇಲ್ಲದಿದ್ದರೆ ಹೊಸದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಹಳೆಯ ಕೀಯ ಗುರುತನ್ನು ಕಾರಿನ ನೆನಪಿನಿಂದ ಅಳಿಸಿ ಹಾಕಿಸಬೇಕು.

ಅಂಗಡಿ ಮುಚ್ಚಿ ದಿನದ ಗಲ್ಲಾ ದುಡ್ಡು ಕಾರಿನಲ್ಲಿಟ್ಟುಕೊಂಡು ಹೋಗುವ ವರ್ತಕರು ನಡೆಯುತ್ತಾ ನಡೆಯುತ್ತಾ ಬೆನ್ನ ಹಿಂದೆ ರಿಮೋಟು ಒತ್ತುವ ಶೋಕಿ ಬಿಡುವುದು ಒಳ್ಳೆಯದು. ಅಲೆಯನ್ನು ಅಡ್ಡಗಟ್ಟುವ ಯಂತ್ರ ಕಳ್ಳರ ಕೈಯಲ್ಲೂ ಇರಬಹುದು. ತಿರುಗಿ ನೋಡಿ, ದೀಪ ಮಿನುಗಿತೇ, ‘ಟಕ್’ ಅಂತೇ ಅಂತ ಖಾತ್ರಿ ಮಾಡಿಕೊಂಡೇ ಹೆಜ್ಜೆ ಇಡಬೇಕು. ಅಂಗಡಿಯ ಶಟರಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ ಜನ, ಕಾರಿನ ಬೀಗವನ್ನು ಯಾಕೆ ಸುಮ್ಮನೆ ನಂಬಬೇಕು?