ಹಳೆಯ ಯುನಿಕ್ಸ್ ಯಂತ್ರಕ್ಕೆ ಜಾಲ ಸಂಪರ್ಕ: ಖರ್ಚು ತೂಗುವ ಬಗೆ

ಶೇಂಗಾ ಎಣ್ಣೆಯ ವಹಿವಾಟಿನಿಂದ ‘ಎರಡನೆಯ ಮುಂಬಯಿ’ ಎಂದು ಹೆಸರಾದ ಚಳ್ಳಕೆರೆಯಲ್ಲಿ ಗಿರಣಿಯ ಲೆಕ್ಕ ಒಂದೇ ಪುಸ್ತಕದಲ್ಲಿ ಮುಗಿಯುವಂಥದಲ್ಲ. ಆವಕ, ತೂಕ, ಎಣ್ಣೆ, ಹಿಂಡಿ, ದಲ್ಲಾಳಿಯ ಬಾಕಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಂಥ ಕೆಲಸಕ್ಕೆ ತೊಂಬತ್ತರ ದಶಕದಲ್ಲಿ ದೇಶದ ಬ್ಯಾಂಕುಗಳೂ ಸಂಸ್ಥೆಗಳೂ ನೆಚ್ಚಿಕೊಂಡಿದ್ದುದು ಯುನಿಕ್ಸ್. ಒಂದೇ ಯಂತ್ರಕ್ಕೆ ಸೀರಿಯಲ್ ಕೇಬಲ್‌ಗಳಿಂದ ಹಲವು ಟರ್ಮಿನಲ್ ಜೋಡಿಸಿದರೆ ಕಚೇರಿಯೆಲ್ಲ ನಡೆಯುತ್ತಿತ್ತು. ಅಂಥ ಯಂತ್ರ ಇನ್ನೂ ಓಡುತ್ತಿದ್ದು, ಅದನ್ನು ಇಂದಿನ ಕಂಪ್ಯೂಟರ್‌ಗಳೊಡನೆ ಬೆಸೆಯಬೇಕಾಗಿ ಬಂದರೆ ಎಷ್ಟು ಹಣ ಹೂಡುವುದು ಸರಿ?

ಅಂದಿನ ವ್ಯಾಪಾರ ಪದ್ಧತಿಯೇ ಈ ತೊಡಕಿನ ಮೂಲ. ಎಸ್‌ಸಿಒ ಕಂಪನಿಯ ಕ್ಸೆನಿಕ್ಸ್ ಮತ್ತು ಯುನಿಕ್ಸ್ ಕೊಂಡವರಿಗೆ ಟಿಸಿಪಿ/ಐಪಿ ಜಾಲ ತಂತ್ರಾಂಶ ಪ್ರತ್ಯೇಕ ಬೆಲೆಯ ಸರಕಾಗಿತ್ತು. 1995ರ ಓಪನ್‌ಸರ್ವರ್ 5ರಲ್ಲಿಯೂ ಎಂಟರ್‌ಪ್ರೈಸ್ ಆವೃತ್ತಿಗೆ ಜಾಲ ಸೌಲಭ್ಯವಿತ್ತು, ಅಗ್ಗದ ಹೋಸ್ಟ್ ಆವೃತ್ತಿಗೆ ಇರಲಿಲ್ಲ. ಆದುದರಿಂದ ಮೊದಲು ಹುಡುಕಬೇಕಾದದ್ದು ಹಳೆಯ ಬಿಲ್ಲನ್ನು ಮತ್ತು ಪರವಾನಗಿ ಪತ್ರವನ್ನು. ಈ ಯುನಿಕ್ಸ್ ವ್ಯವಹಾರವನ್ನು ಆಮೇಲೆ ವಹಿಸಿಕೊಂಡ ಕಂಪನಿ 2007ರಲ್ಲಿ ದಿವಾಳಿ ರಕ್ಷಣೆ ಕೋರಿತು. 2011ರಲ್ಲಿ ಯುನಿಕ್ಸ್ ವ್ಯವಹಾರ ಕೈಬದಲಾಗಿ, ಈಗ ಕ್ಸಿನುವೋಸ್ ಎಂಬ ಸಂಸ್ಥೆಯ ವಶದಲ್ಲಿದೆ. ಪರವಾನಗಿ ಸಂಖ್ಯೆಯಿಲ್ಲದ ಸೆಕೆಂಡ್ ಹ್ಯಾಂಡ್ ಡಿಸ್ಕೆಟ್ಟುಗಳಿಗೆ ಹಣ ತೆರುವುದು ವ್ಯರ್ಥ. ಸಂಖ್ಯೆ ಸಿಕ್ಕರೂ ಆ ಕಾಲದ ನೆಟ್‌ವರ್ಕ್ ಕಾರ್ಡನ್ನೇ ಹುಡುಕಬೇಕು. ಇಂದಿನ ಕಾರ್ಡಿಗೆ ಅಂದಿನ ಚಾಲಕ ತಂತ್ರಾಂಶ ಸಿಗದು.

ಲೆಕ್ಕದ ಕಡತಗಳನ್ನು ಹೊರತೆಗೆಯುವುದಷ್ಟೇ ಅಗತ್ಯವಾದರೆ ಜಾಲ ತಂತ್ರಾಂಶವೇ ಬೇಡ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ರೂಪುಗೊಂಡ ಕರ್ಮಿಟ್ ಸೀರಿಯಲ್ ಕೇಬಲ್ ಮೂಲಕವೇ ಕಡತ ಸಾಗಿಸುತ್ತದೆ. ಅದರ ಯುನಿಕ್ಸ್ ಆವೃತ್ತಿ ಉಚಿತ. ಇತ್ತ ಹೊಸ ಕಂಪ್ಯೂಟರಿಗೆ ಕೆಲವು ನೂರು ರೂಪಾಯಿಯ ಯುಎಸ್‌ಬಿ-ಸೀರಿಯಲ್ ಪರಿವರ್ತಕ ಸಾಕು. ವೇಗ ಮಾತ್ರ ಎತ್ತಿನ ಗಾಡಿಯದು: ಸೆಕೆಂಡಿಗೆ 9,600 ಬಿಟ್ ಎಂದರೆ ಸುಮಾರು 960 ಅಕ್ಷರ, ಹತ್ತು ಮೆಗಾಬೈಟಿಗೆ ಮೂರು ಗಂಟೆ ಮೀರುತ್ತದೆ. ರಾತ್ರಿ ಹಚ್ಚಿಟ್ಟು ಹೋದರೆ ಬೆಳಗಿಗೆ ಕೆಲಸ ಮುಗಿದಿರುತ್ತದೆ, ಕರೆಂಟು ಕೈಕೊಡದಿದ್ದರೆ. ಲೆಕ್ಕವನ್ನು ಫಾಕ್ಸ್‌ಬೇಸ್‌ನಲ್ಲಿ ಇಟ್ಟಿದ್ದರಂತೂ ಅದರ ಡಿಬಿಎಫ್ ಕಡತಗಳನ್ನು ಇಂದಿನ ಉಚಿತ ಲಿಬ್ರೆಆಫೀಸ್ ನೇರವಾಗಿ ತೆರೆಯುತ್ತದೆ.

ಹಳೆಯ ಯಂತ್ರದ ಮೇಲೆಯೇ ದಿನನಿತ್ಯದ ವಹಿವಾಟು ನಿಂತಿದ್ದರೆ ಮಾತು ಬೇರೆ. ಅಲ್ಲಿ ತಂತ್ರಾಂಶದ ಬೆಲೆ ಚಿಕ್ಕ ಬಾಬ್ತು. ಕೋಬಾಲ್ ಅಥವಾ ಫಾಕ್ಸ್‌ಬೇಸ್ ಬಲ್ಲವರ ಕೂಲಿ ದೊಡ್ಡದು. ಕಾರ್ಯಕ್ರಮದ ಮೂಲ ಸಂಕೇತ ಮಾಲೀಕರ ಕೈಯಲ್ಲಿದ್ದರೆ ಲಿನಕ್ಸಿಗೆ ಸಾಗಿಸುವುದು ಸಾಧ್ಯ, ಇಲ್ಲದಿದ್ದರೆ ಹೊಸದಾಗಿ ಬರೆಸಬೇಕಾಗುತ್ತದೆ. ಹಾಗಿದ್ದರೂ ಇಪ್ಪತ್ತೈದು ವರ್ಷ ದಾಟಿದ ಡಿಸ್ಕಿಗೆ ಜಾಲ ಕಟ್ಟಿಸುವುದಕ್ಕಿಂತ ಆ ಹಣವನ್ನು ಬದಲಾವಣೆಗೇ ಹಾಕುವುದು ಲೇಸು. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಡಿಸ್ಕ್ ಕೆಟ್ಟಿತೆಂಬ ಉತ್ತರ ಅಧಿಕಾರಿಗಳ ಮುಂದೆ ನಡೆಯದು. ಆವಕ ಇಳಿದ ತಿಂಗಳುಗಳಲ್ಲಿ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ ತಾಳೆ ನೋಡಬೇಕು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ವರ್ತಕರಿಗೆ ಈ ಗೋಜು ಕಡಿಮೆ. ಮಗ್ಗದ ಮನೆಗಳಿಗೆ ಕೊಟ್ಟ ನೂಲು, ಮರಳಿ ಬಂದ ಸೀರೆ, ಕೊಟ್ಟ ಮುಂಗಡ ಇಷ್ಟಕ್ಕೆ ಒಂದು ಸಾಧಾರಣ ಕಂಪ್ಯೂಟರ್ ಸಾಕು.

ಯಾವ ದಾರಿ ಹಿಡಿದರೂ ಹಳೆಯ ಯಂತ್ರ ಓಡುತ್ತಿರುವಾಗಲೇ ಮೊದಲ ನಕಲು ತೆಗೆಯಬೇಕು. ವರ್ಷಗಟ್ಟಲೆ ತಿರುಗಿದ ಡಿಸ್ಕನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ತಿರುಗದೆಯೂ ಇರಬಹುದು.