‘ಅವ್ನು ಹುಟ್ಟಿದ್ದೇ ಹಂಗೆ’: ಸ್ವಭಾವದ ಬಗ್ಗೆ ಐದು ತಪ್ಪು ಕಲ್ಪನೆಗಳು

ಮಂಡ್ಯ ಜಿಲ್ಲೆಯ ಯಲಿಯೂರಾಗಲಿ, ಮದ್ದೂರು–ಮಳವಳ್ಳಿ ಸೀಮೆಯ ಯಾವುದೇ ಊರಾಗಲಿ, ಮನುಷ್ಯರ ಸ್ವಭಾವಕ್ಕೆ ಹೆಸರಿಡುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಒಬ್ಬ ಮುಂಗೋಪಿ, ಇನ್ನೊಬ್ಬ ಗುಮ್ಮನಗುಸುಕ, ಮತ್ತೊಬ್ಬಳು ಅಳುಮುಂಜಿ. ಕೊನೆಗೆ ‘ಅವ್ನು ಹುಟ್ಟಿದ್ದೇ ಹಂಗೆ ಬುಡು’ ಎಂದುಬಿಟ್ಟರೆ ಮಾತು ಮುಗಿಯಿತು. ಹೀಗೆ ಬೇಗ ಮುಗಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ಸರಿಹೋಗಬಹುದಾದದ್ದು ಸರಿಹೋಗದೆ ಉಳಿದಿದೆ.

ಮನಸ್ಸಿನ ವಿಜ್ಞಾನ ನಮಗೆ ಹೊರಗಿನದೇನಲ್ಲ. ಮಂಡ್ಯ ಇನ್ನೂ ಮೈಸೂರು ಜಿಲ್ಲೆಯೊಳಗಿದ್ದ ಕಾಲದಲ್ಲೇ, 1924ರಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಅಲ್ಲಿಂದೀಚೆಗೆ ನೂರು ವರ್ಷಗಳಲ್ಲಿ ಜಗತ್ತಿನಾದ್ಯಂತ ನಡೆದ ಅಧ್ಯಯನಗಳು ನಮ್ಮ ಕೆಲವು ಗಟ್ಟಿ ನಂಬಿಕೆಗಳನ್ನು ಅಲ್ಲಾಡಿಸಿವೆ.

ತಪ್ಪು ಕಲ್ಪನೆ 1: ಹುಟ್ಟುಗುಣ ಸುಟ್ಟರೂ ಹೋಗದು.

ಸತ್ಯ: ಹುಟ್ಟಿನ ಪಾಲು ಇದೆ, ಆದರೆ ಅದೇ ಎಲ್ಲವೂ ಅಲ್ಲ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇ 40ರಿಂದ 50ರಷ್ಟು ವಂಶವಾಹಿಗಳದ್ದು. ಉಳಿದದ್ದು ಬೆಳೆದ ವಾತಾವರಣ, ಬದುಕಿನ ಅನುಭವ. ಒಂದೇ ಬಿತ್ತನೆಯ ಕಬ್ಬನ್ನು ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲೂ, ನೀರು ತಲುಪಲು ತಡವಾಗುವ ಕೊನೇಭಾಗದಲ್ಲೂ ನೆಟ್ಟರೆ ಒಂದೇ ಇಳುವರಿ ಬರುವುದಿಲ್ಲ ಎಂಬುದನ್ನು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ವಯಸ್ಸೂ ಸ್ವಭಾವವನ್ನು ತಿದ್ದುತ್ತದೆ. 20ರಿಂದ 40ರ ನಡುವೆ ಹೆಚ್ಚಿನವರಲ್ಲಿ ಹೊಣೆಗಾರಿಕೆ, ತಾಳ್ಮೆ ಹೆಚ್ಚುತ್ತವೆ. ಪ್ರಯತ್ನವೂ ತಿದ್ದುತ್ತದೆ. ಮನಃಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2017ರಲ್ಲಿ 207 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಆಪ್ತಸಮಾಲೋಚನೆ, ಚಿಕಿತ್ಸೆ ಪಡೆದವರ ಸ್ವಭಾವದಲ್ಲಿ ಸರಾಸರಿ 24 ವಾರಗಳಲ್ಲಿ ಗುರುತಿಸಬಹುದಾದ ಬದಲಾವಣೆ ಕಂಡಿತು. ಅತಿ ಹೆಚ್ಚು ಬದಲಾದದ್ದು ಮನಸ್ಸಿನ ಸ್ತಿಮಿತ.

ತಪ್ಪು ಕಲ್ಪನೆ 2: ನಕ್ಷತ್ರ ನೋಡಿದರೆ ಗುಣ ತಿಳಿಯುತ್ತದೆ.

ಸತ್ಯ: 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆಯೊಂದನ್ನು ಕೊಟ್ಟು, ಒಬ್ಬೊಬ್ಬರ ಕೈಗೂ ಅವರವರ ‘ಗುಣವಿವರಣೆ’ ನೀಡಿದ. ಎಷ್ಟು ನಿಜ ಎಂದು ಕೇಳಿದಾಗ 5ಕ್ಕೆ ಸರಾಸರಿ 4.26 ಅಂಕ ಬಂತು. ಅಸಲಿಗೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಬಹುಪಾಲು ವಾಕ್ಯಗಳು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ‘ಹೊರಗೆ ಗಟ್ಟಿ, ಒಳಗೆ ಮೃದು’ ಎಂಬಂಥ ಮಾತು ಯಾರಿಗೆ ಹೇಳಿದರೂ ಒಪ್ಪುತ್ತದೆ. ರಾಶಿಫಲ ‘ಸರಿಯಾಗಿ’ ಬರುವುದು ಹೀಗೆ.

ಇದರ ಬೆಲೆ ತೆರುತ್ತಿರುವವರು ನಮ್ಮ ಹೆಣ್ಣುಮಕ್ಕಳು. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗದು ಎಂದು ಒಳ್ಳೊಳ್ಳೆಯ ಸಂಬಂಧಗಳು ಮುರಿದುಬೀಳುತ್ತವೆ. ಹುಟ್ಟಿದ ಗಳಿಗೆ ಆ ಹುಡುಗಿಯ ಗುಣವನ್ನೂ ಹೇಳುವುದಿಲ್ಲ, ಮಾವನ ಆಯುಸ್ಸನ್ನೂ ಹೇಳುವುದಿಲ್ಲ.

ತಪ್ಪು ಕಲ್ಪನೆ 3: ಜನ ಎರಡೇ ಬಗೆ, ಮಾತುಗಾರರು ಮತ್ತು ಮೌನಿಗಳು.

ಸತ್ಯ: ಎತ್ತರದಂತೆ ಸ್ವಭಾವವೂ ಅಳತೆಯ ವಿಷಯ. ಹೆಚ್ಚಿನವರು ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಬೆಂಗಳೂರಿನ ಕಂಪನಿಗೆ ಸೇರಿದ ನಮ್ಮ ಮಕ್ಕಳು ಮಾಡಿಸಿಕೊಂಡು ಬರುವ ಜನರನ್ನು ‘ಹದಿನಾರು ಬಗೆ’ಗಳಾಗಿ ವಿಂಗಡಿಸುವ ಸ್ವಭಾವ ಪರೀಕ್ಷೆಯ ಮಿತಿಯೂ ಇದೇ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಮಂದಿಯ ‘ಬಗೆ’ ಬದಲಾಗುತ್ತದೆ. ಮಾತು ಕಡಿಮೆ ಇರುವ ಮಗು ಮಂಕಲ್ಲ. ಒಂಟಿಯಾಗಿರುವುದು ಅದಕ್ಕೆ ಹಿತವಿರಬಹುದು. ಬೆರೆಯಲು ಆಸೆಯಿದ್ದೂ ಹೆದರಿ ಹಿಂದೆ ಸರಿಯುವ ಮಗುವಿಗೆ ಮಾತ್ರ ನೆರವು ಬೇಕು.

ತಪ್ಪು ಕಲ್ಪನೆ 4: ಮಂಡ್ಯದವರು ಒರಟರು, ಕೋಪ ಕಾರಿಕೊಂಡರೆ ಹಗುರಾಗುತ್ತದೆ.

ಸತ್ಯ: ಸಿನಿಮಾಗಳು ಬೆಳೆಸಿದ ಈ ಚಿತ್ರವನ್ನು ನಾವೂ ಹೆಮ್ಮೆಯಿಂದ ಹೊತ್ತುಕೊಂಡಿದ್ದೇವೆ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 49 ಸಂಸ್ಕೃತಿಗಳ ಜನರನ್ನು ನೋಡಿತು. ‘ನಮ್ಮ ನಾಡಿನವರು ಹೀಗೆ’ ಎಂಬ ಜನಾಭಿಪ್ರಾಯಕ್ಕೂ ಅಲ್ಲಿನವರ ನಿಜವಾದ ಸ್ವಭಾವದ ಸರಾಸರಿಗೂ ಹೊಂದಿಕೆ ಸಿಗಲಿಲ್ಲ. ‘ಏನ್ಲಾ’ ಎಂಬ ಮಾತಿನ ಧಾಟಿ ನುಡಿಯದ್ದು, ಮನಸ್ಸಿನದ್ದಲ್ಲ.

ಕೋಪ ಕಾರುವುದರ ಬಗ್ಗೆಯೂ ಪ್ರಯೋಗಗಳು ನಡೆದಿವೆ. 2002ರಲ್ಲಿ ಸಂಶೋಧಕ ಬ್ರಾಡ್ ಬುಷ್‌ಮನ್ ನಡೆಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆದು ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಸುಮ್ಮನೆ ಕುಳಿತವರಿಗಿಂತ ಹೆಚ್ಚಾಗಿಯೇ ಉಳಿಯಿತು. ಕೂಗಾಡುವುದು ಕೋಪಕ್ಕೆ ಅಭ್ಯಾಸ ಕೊಟ್ಟಂತೆ. ಆ ಅಭ್ಯಾಸದ ಪೆಟ್ಟು ತಿನ್ನುವವರು ಹೆಂಡತಿ, ಮಕ್ಕಳು.

ತಪ್ಪು ಕಲ್ಪನೆ 5: ಜೀವ ಕಳೆದುಕೊಳ್ಳುವವರು ಹೇಡಿಗಳು, ಮನೋವೈದ್ಯರ ಬಳಿ ಹೋಗುವವರು ಹುಚ್ಚರು.

ಸತ್ಯ: 2015ರಲ್ಲಿ ಸಕ್ಕರೆ ಬೆಲೆ ಕುಸಿದು, ಕಾರ್ಖಾನೆಗಳಿಂದ ಕಬ್ಬಿನ ಬಾಕಿ ಬಾರದೆ, ಮಂಡ್ಯ ಜಿಲ್ಲೆ ಒಂದರ ಮೇಲೊಂದು ರೈತರ ಸಾವು ಕಂಡಿತು. ಆಗಲೂ ‘ಮನಸ್ಸು ಗಟ್ಟಿಯಿರಲಿಲ್ಲ’ ಎಂಬ ಮಾತು ಕೇಳಿಬಂತು. ಆತ್ಮಹತ್ಯೆಗೆ ಯಾವತ್ತೂ ಒಂದೇ ಕಾರಣವಿರುವುದಿಲ್ಲ. ಸಾಲ, ಅವಮಾನ, ಖಿನ್ನತೆ, ಕುಡಿತ, ಒಂಟಿತನ ಒಟ್ಟಿಗೆ ಮೇಲೆ ಬೀಳುತ್ತವೆ. ಎಂಥ ಗಟ್ಟಿಗನೂ ಕುಸಿಯಬಹುದು, ಸಮಯಕ್ಕೆ ಕೈ ಸಿಕ್ಕರೆ ಏಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಒದಗಿಸಬೇಕೆಂದು ಹೇಳುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲು, ನಿಮ್ಮ ಜಾಡು ಗುರುತಿಸಿ. ರೇಗಿದಾಗ, ಕುಗ್ಗಿದಾಗ ಮೂರು ಸಾಲು ಬರೆದಿಡಿ: ಏನಾಯಿತು, ಮನಸ್ಸಿಗೆ ಏನು ತೋಚಿತು, ನಾನೇನು ಮಾಡಿದೆ. ಕೆಲವು ವಾರಗಳಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಕಾಣತೊಡಗುತ್ತದೆ. ಆಮೇಲೆ ಆ ಒಂದಕ್ಕೆ ಮಾತ್ರ ಮುಂಚಿತವಾಗಿ ಉತ್ತರ ಸಿದ್ಧಮಾಡಿಕೊಳ್ಳಿ: ‘ಸಾಲದ ಮಾತು ಬಂದು ರೇಗಿದರೆ, ಮೊದಲು ಎದ್ದು ಹೊರಗೆ ಹೋಗಿ ಬರುತ್ತೇನೆ, ಆಮೇಲೆ ಮಾತಾಡುತ್ತೇನೆ.’ ಹೀಗೆ ಗೊತ್ತುಮಾಡಿಕೊಂಡ ಸಂಕಲ್ಪ, ‘ಇನ್ನು ಕೋಪ ಮಾಡಿಕೊಳ್ಳಲ್ಲ’ ಎಂಬ ಬರೀ ಆಣೆಗಿಂತ ಹೆಚ್ಚು ನಿಲ್ಲುತ್ತದೆ.

ಎರಡು ವಾರ ಮೀರಿ ನಿದ್ದೆ, ಊಟ, ಕೆಲಸ ಕೆಟ್ಟರೆ ಅದನ್ನು ಸ್ವಭಾವವೆಂದು ಸುಮ್ಮನಾಗಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉದ್ಘಾಟನೆಗೊಂಡ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಸಂಖ್ಯೆಯನ್ನು ಇವತ್ತೇ ಮನೆಯವರೆಲ್ಲರ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.